ಕಂಬಳಿಯ ಮೇಲೆ ಇಟ್ಟ ಲಾರಿ ಚಾವಿ

ಕುರಿ ಸಾಯುವಾಗ ಒದರುವುದಿಲ್ಲ. ಒದರುವುದೆಲ್ಲ ಬದುಕಿ ಉಳಿದವು. ಆ ಮುಂಜಾನೆ ಹೆದ್ದಾರಿಯ ಮಂಜಿನೊಳಗೆ ಬೈಕ್ ನಿಲ್ಲಿಸಿದಾಗ ನನಗೆ ಮೊದಲು ಕೇಳಿಸಿದ್ದು ಆ ಒದರಾಟ, ಆಮೇಲೆ ಮನುಷ್ಯರ ದನಿ, ಆಮೇಲೆ ಗಾಜು ಒಡೆದ ಸಪ್ಪಳ.

ನಾನು ಹೋಮ್ ಗಾರ್ಡ್. ಊರು ಕೊಣ್ಣೂರ, ಆಗ ಡ್ಯೂಟಿ ಹತ್ತರಗಿ ಕ್ರಾಸಿನಲ್ಲಿ. ಖಾಕಿ, ಸೀಟಿ, ಲಾಠಿ ಎಲ್ಲಾ ಇದ್ದರೂ ನಮ್ಮನ್ನು ಜನ ಪೂರ್ತಿ ಪೊಲೀಸ್ ಅಂತ ಹಿಡಿಯುವುದಿಲ್ಲ. 'ಅರ್ಧಾ ಪೊಲೀಸ' ಅಂತ ಎದುರಿಗೇ ನಗುತ್ತಾರೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು, ಇಲ್ಲ ಅನ್ನುವುದಿಲ್ಲ. ಆದರೆ ಬೂಟಿಗೆ ಪಾಲಿಶ್ ಇಲ್ಲದೆ ಒಂದು ದಿನವೂ ರಸ್ತೆಗೆ ಇಳಿದವನಲ್ಲ, ಡ್ಯೂಟಿಗೆ ತಡ ಮಾಡಿ ಬಂದ ಅಂತ ಯಾರ ಕಡೆಯಿಂದಲೂ ಅನ್ನಿಸಿಕೊಂಡವನಲ್ಲ.

ದೀಪಾವಳಿ ಮುಗಿದಿತ್ತು. ಆ ಹೊತ್ತಿಗೆ ಮೂಡಲಗಿ ಕಡೆಯ ಕುರಿಗಾರರು ಮಂದೆ ಹೊಡೆದುಕೊಂಡು ಪಡುವಣಕ್ಕೆ ಹೊರಡುತ್ತಾರೆ. ಅಲ್ಲಿ ಭತ್ತ ಕೊಯ್ದ ಗದ್ದೆಗಳಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಗೊಬ್ಬರ ಬೀಳುತ್ತದೆ, ಗದ್ದೆಯವರು ಅಕ್ಕಿ ಕೊಡುತ್ತಾರೆ. ಹೆದ್ದಾರಿ ದಾಟದೆ ಅವರಿಗೆ ಬೇರೆ ದಾರಿ ಇಲ್ಲ. ಡಿವೈಡರ್ ಒಡೆದಿರುವ ಕಡೆ ನುಗ್ಗುತ್ತಾರೆ. ಒಬ್ಬ ಮುಂದೆ ನಿಂತು ಗಾಡಿಗಳಿಗೆ ಕೈ ಅಡ್ಡ ಮಾಡುತ್ತಾನೆ, ಉಳಿದವರು ಹಿಂದಿನಿಂದ ಅಟ್ಟುತ್ತಾರೆ. ಅವತ್ತು ಮುಂದೆ ನಿಂತವನು ಮಂದೆಯ ಯಜಮಾನನ ದೊಡ್ಡ ಮಗ. ಮಂಜಿನಲ್ಲಿ ಅವನ ಕೈ ಬರುತ್ತಿದ್ದ ಲಾರಿಯ ಡ್ರೈವರಿಗೆ ಕಾಣಲಿಲ್ಲ.

ಸುದ್ದಿ ತಂದವನು ಹಾಲಿನ ಕ್ಯಾನು ಹೇರಿಕೊಂಡು ಬೈಕಿನಲ್ಲಿ ಬಂದವನು. ಲಾರಿ ಕುರಿಯಾಗ ಹೊಕ್ಕೈತಿ, ಒಬ್ಬ ಮನುಷ್ಯಾನ್ನ ಅಂಬುಲೆನ್ಸಿನಾಗ ಒಯ್ದರು, ಈಗ ಡ್ರೈವರನ್ನ ಕ್ಯಾಬಿನ್ನಾಗ ಇಟ್ಟು ಸುಡತಾರ ಅಂದು ನಿಲ್ಲದೆ ಹೋದ. ನಾನು ಜಮಾದಾರರಿಗೆ ಫೋನ್ ಹಚ್ಚಿದೆ. ಜಮಾದಾರ ಅಂದರೆ ನಮ್ಮ ಠಾಣೆಯ ಎಎಸ್‌ಐ. ನಿವೃತ್ತಿ ಹತ್ತಿರ ಬಂದ ಮನುಷ್ಯ, ಎರಡೂ ಮೊಣಕಾಲು ಬೇನೆ, ದನಿ ಸಣ್ಣದು. ಬೈಯುವುದಿಲ್ಲ, ಬಡಿಯುವುದಿಲ್ಲ ಅಂತ ಠಾಣೆಯಲ್ಲಿ ಅವರ ಬೆನ್ನ ಹಿಂದೆ 'ಭಜನಿ ಸಾಹೇಬ್ರು' ಅನ್ನುತ್ತಿದ್ದರು. ಅವರು ನನ್ನ ಮಾತು ಪೂರ್ತಿ ಕೇಳಿ ಮೂರೇ ಸಂಗತಿ ಹೇಳಿದರು. ಯಾರ ಮೈ ಮುಟ್ಟಬಾರದು. ಸೀಟಿ ಊದಬಾರದು. ಡ್ರೈವರ್ ಕೆಳಗೆ ಇಳಿಯಬಾರದು.

"ಮತ್ತ ಲಾಠಿ ರಿ?" ಅಂದೆ.

"ಬೈಕಿಗೆ ಸಿಗಿಸಿ ಹೋಗು."

ಆ ಮಾತು ನನಗೆ ಸೇರಲಿಲ್ಲ. ಲಾಠಿ ಇಲ್ಲದ ಹೋಮ್ ಗಾರ್ಡ್ ಅಂದರೆ ಖಾಕಿ ತೊಟ್ಟ ದಾರಿಹೋಕ, ಅಷ್ಟೇ. ಆದರೂ ಸಿಗಿಸಿದೆ.

ಲಾರಿ ಡಿವೈಡರಿಗೆ ಮೂತಿ ಕೊಟ್ಟು ಓರೆಯಾಗಿ ನಿಂತಿತ್ತು. ರಾಜಸ್ಥಾನದ ನಂಬರು, ತಾಡಪಾಲು ಬಿಗಿದ ಲೋಡು. ಮುಂದಿನ ಗಾಲಿಗಳ ಕೆಳಗೆ, ಸುತ್ತಲೂ, ಕುರಿಗಳು. ಎಷ್ಟು ಅಂತ ನಾನು ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಉಳಿದ ಮಂದೆ ರಸ್ತೆಯ ಪಕ್ಕದ ಇಳಿಜಾರಿನಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿತ್ತು. ಕುರಿಗಾರರ ಬಳಗ, ಅವರ ಜೊತೆ ಗಾಡಿ ನಿಲ್ಲಿಸಿ ಸೇರಿದ ದಾರಿಯ ಜನ, ಎಲ್ಲ ಲಾರಿಯ ಸುತ್ತ. ಕ್ಯಾಬಿನ್ನಿನ ಮುಂದೆ ಕೊಡಲಿ ಹಿಡಿದು ನಿಂತವನು ಯಜಮಾನನ ಸಣ್ಣ ಮಗ. ಇಪ್ಪತ್ತೈದರ ಆಜುಬಾಜು ಇರಬೇಕು. ಅವನ ಅಂಗಿಯ ಎದೆಯೆಲ್ಲ ಅಣ್ಣನ ರಕ್ತ, ಎತ್ತಿ ಅಂಬುಲೆನ್ಸಿಗೆ ಹಾಕಿದವನು ಅವನೇ. ಎದುರಿನ ಗಾಜು ಜೇಡರ ಬಲೆಯ ಹಾಗೆ ಒಡೆದಿತ್ತು, ಇನ್ನೂ ಉದುರಿರಲಿಲ್ಲ.

ಯಜಮಾನ ಅಜ್ಜ ಮಾತ್ರ ಇದ್ಯಾವುದರಲ್ಲೂ ಇರಲಿಲ್ಲ. ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು, ಸತ್ತ ಕುರಿಯೊಂದರ ಹತ್ತಿರ ಕುಕ್ಕರಗಾಲಿನಲ್ಲಿ ಕುಂತಿದ್ದ.

ನಾನು ಜನರ ನಡುವೆ ಸರಿಯಿರಿ ಅನ್ನದೆ, ತಳ್ಳದೆ, ಸಂದಿ ಸಿಕ್ಕಲ್ಲಿ ಮೈ ತೂರಿಸುತ್ತ ಡ್ರೈವರ್ ಬಾಗಿಲಿನ ಮೆಟ್ಟಿಲ ಮೇಲೆ ಹತ್ತಿ ನಿಂತೆ. ಬಂದಾ ನೋಡ್ರಿ ಅರ್ಧಾ ಪೊಲೀಸ, ಇನ್ನರ್ಧಾ ಎಲ್ಲಿ ಬಿಟ್ಟು ಬಂದಿ ಅಂತ ಯಾರೋ ಅಂದರು. ಬೇರೆ ದಿನವಾಗಿದ್ದರೆ ತಿರುಗಿ ಜಬರಿಸುತ್ತಿದ್ದೆ. ಅವತ್ತು ಕೇಳದವನ ಹಾಗೆ ಬಾಗಿಲಿನ ಗಾಜಿನ ಕಡೆ ಬಗ್ಗಿದೆ.

ಗಾಜು ನಾಲ್ಕು ಬೆರಳು ಇಳಿದಿತ್ತು. ಒಳಗೆ ಡ್ರೈವರ್ ಸೀಟಿನ ಕೆಳಗೆ ಅರ್ಧ ಹೊಕ್ಕು, ಗಾಲಿ ಬಿಚ್ಚುವ ದೊಡ್ಡ ಪಾನಾ ಎರಡೂ ಕೈಯಲ್ಲಿ ಹಿಡಿದಿದ್ದ. ಕ್ಲೀನರ್ ಇರಲಿಲ್ಲ. ನನ್ನ ಖಾಕಿ ನೋಡಿ ಅಳಲು ಶುರು ಮಾಡಿದ. ನನ್ನ ಹಿಂದಿ ಲಾರಿಯವರಿಗೆ ದಾರಿ ತೋರಿಸುವಷ್ಟೇ. ಪಾನಾ ಕೆಳಗಿಡು ಅಂದೆ. ಇಡಲಿಲ್ಲ. ಅವನ ಕೈಯಲ್ಲಿ ಅದು ಕಂಡರೆ ಹೊರಗಿನವನ ಕೈಯ ಕೊಡಲಿ ಮೇಲೇಳುತ್ತದೆ ಅಂತ ಹೇಗೆ ಹೇಳಬೇಕು ತಿಳಿಯದೆ, ಬೆರಳು ಮಾಡಿ ಅದನ್ನು ತೋರಿಸಿದೆ, ಇದನ್ನು ತೋರಿಸಿದೆ. ಆಗ ನಿಧಾನಕ್ಕೆ ಸೀಟಿನ ಹಿಂದೆ ಜಾರಿಸಿದ.

ಅಷ್ಟರಲ್ಲಿ ಹೆದ್ದಾರಿ ಗಸ್ತಿನ ಗಾಡಿ ಬಂತು, ಸೈರನ್ ಹಾಕಿಕೊಂಡು. ಅವರ ನಿಯಮ ಅದು, ಅಪಘಾತ ಅಂದರೆ ಸೈರನ್. ಆದರೆ ಇಳಿಜಾರಿನಲ್ಲಿದ್ದ ಮಂದೆ ಆ ಸಪ್ಪಳಕ್ಕೆ ಒಂದೇ ಸಲ ಎದ್ದಿತು. ಒಂದು ಕುರಿ ಹೋದ ಕಡೆಗೆ ಎಲ್ಲಾ ಕುರಿ. ಡಿವೈಡರ್ ಹಾರಿ ಆಚೆ ಬದಿಯ ರಸ್ತೆಗೆ ಇಳಿದುಬಿಟ್ಟವು. ಆಚೆಯಿಂದ ಬರುತ್ತಿದ್ದ ಬಸ್ಸು ಬ್ರೇಕ್ ಹಾಕಿ ಅಡ್ಡ ತಿರುಗಿ ನಿಂತಿತು. ಕುರಿಗಾರರ ಹೆಂಗಸರು ಸೆರಗು ಬೀಸುತ್ತ ಗಾಡಿಗಳ ನಡುವೆ ಓಡಿದರು. ಅಲ್ಲೇ ಒಂದು ಹೆಣ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ನಾನು ಕೈ ಬೀಸಿ ಸೈರನ್ ಬಂದ್ ಮಾಡಿಸುವಷ್ಟರಲ್ಲಿ ಜನರ ಮುಖಗಳೇ ಬದಲಾಗಿದ್ದವು. ಮೊದಲು ಸಿಟ್ಟು ಡ್ರೈವರ್ ಮೇಲೆ ಇತ್ತು. ಈಗ ಅದರೊಳಗೆ ನಾವೂ ಸೇರಿದೆವು.

ಗಸ್ತಿನ ಕಾನ್‌ಸ್ಟೇಬಲ್ ಗಾಡಿಯಿಂದ ಇಳಿಯುತ್ತಲೇ ಜನರನ್ನು ತಣ್ಣಗೆ ಮಾಡಲು ಒಂದು ಮಾತು ಎಸೆದ. ನಿಮ್ಮ ಮನುಷ್ಯಾಗ ಏನೂ ಆಗಿಲ್ಲ, ಆರಾಮ ಅದಾನ, ಕಾಲು ತರಚೈತಿ ಅಷ್ಟ. ಒಳ್ಳೆಯದಕ್ಕೇ ಅಂದ. ಆದರೆ ಸಣ್ಣ ಮಗನ ಜೇಬಿನಲ್ಲಿ ಫೋನು ಇತ್ತು, ಅಂಬುಲೆನ್ಸಿನಲ್ಲಿ ಹೋದ ಅವರ ಬಂಧುವಿನ ಕೈಯಲ್ಲೂ ಫೋನು ಇತ್ತು. ಆ ಗಳಿಗೆಯಲ್ಲೇ ಸಣ್ಣ ಮಗನ ಫೋನು ರಿಂಗಾಯಿತು. ಹುಕ್ಕೇರಿ ಆಸ್ಪತ್ರೆಯಲ್ಲಿ ನೋಡಿ, ಇಲ್ಲಿ ಆಗಲ್ಲ ಅಂತ ಗೋಕಾಕಕ್ಕೆ ಕಳಿಸಿದ್ದರು. ರಕ್ತ ನಿಲ್ಲುತ್ತಿಲ್ಲ, ಮಾತಾಡಿಸಿದರೆ ಕಣ್ಣು ತೆರೆಯುತ್ತಿಲ್ಲ. ಸಣ್ಣ ಮಗ ಫೋನು ಕಿವಿಯಿಂದ ತೆಗೆದು ಕಾನ್‌ಸ್ಟೇಬಲ್ ಕಡೆ ನೋಡಿದ. ಮೊದಲ ಕಲ್ಲು ಎಲ್ಲಿಂದ ಬಂತೋ, ಗಸ್ತಿನ ಗಾಡಿಯ ಬಾನೆಟ್ಟಿಗೆ ಬಿತ್ತು. ಕಾನ್‌ಸ್ಟೇಬಲ್ ಹಿಂದೆ ಸರಿದ. ಅವನನ್ನು ನಾನು ದೂರುವುದಿಲ್ಲ. ನಾನೂ ಸರಿಯುತ್ತಿದ್ದೆ, ಸರಿಯಲು ಮೆಟ್ಟಿಲ ಮೇಲೆ ಜಾಗ ಇರಲಿಲ್ಲ.

ಆಗ ಡ್ರೈವರ್ ಎಂಜಿನ್ ಚಾಲೂ ಮಾಡಿದ.

ಲಾರಿ ನಡುಗಿತು, ಬ್ರೇಕಿನ ಗಾಳಿ ಬುಸ್ಸೆಂದಿತು. ಮುಂದಿದ್ದವರು ಎರಡು ಹೆಜ್ಜೆ ಹಿಂದೆ ಹಾರಿ, ಮತ್ತೆ ಡಬಲ್ ಸಿಟ್ಟಿನಿಂದ ಮುಂದೆ ಬಂದರು. ಇವನು ಗೇರು ಹಾಕಿದರೆ ಮುಂದಿನ ಗಾಲಿಗೆ ನಾಲ್ಕು ಜನ, ಬಾಗಿಲಿಗೆ ಜೋತುಬಿದ್ದ ನಾನು ಐದನೆಯವ. ಗಾಜಿನ ಸಂದಿಯಲ್ಲಿ ಮೊಣಕೈತನಕ ಕೈ ತೂರಿಸಿ ಅವನ ಅಂಗಿಯ ಕಾಲರ್ ಹಿಡಿದೆ. ಜಮಾದಾರರು ಮೈ ಮುಟ್ಟಬೇಡ ಅಂದಿದ್ದು ಹೊರಗಿನವರಿಗೆ, ಒಳಗಿನವನಿಗೆ ಅಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. "ಬಂದ್ ಕರ್. ಬಂದ್ ಕರ್ ಭಾಯ್. ತೂ ಭೀ ಮರೇಗಾ, ಮೈಂ ಭೀ." ಅವನ ಕುತ್ತಿಗೆ ನನ್ನ ಬೆರಳಿಗೆ ತಾಗಿ ಕೋಳಿಯ ಕುತ್ತಿಗೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಎಂಜಿನ್ ನಿಂತಿತು.

ಆದರೆ ಜನ ಅದನ್ನು ನೋಡಿಯಾಗಿತ್ತು. ಓಡಿ ಹೋಗಾಕತ್ತಾನ, ನಮ್ಮ ಮ್ಯಾಲೇ ಹಾಯಿಸಾಕತ್ತಾನ ಅಂತ ಮಾತು ಹಿಂದಿನವರೆಗೂ ಹೋಯಿತು. ಹಿಂದಿನಿಂದ ಒಬ್ಬ ಕ್ಯಾನು ಹಿಡಿದು ಬಂದ. ಅವನು ಕುರಿಗಾರನಲ್ಲ. ಕರಿ ಜಾಕೀಟು, ಕಾಲಲ್ಲಿ ಹೊಸ ಬೂಟು, ಒಂದು ಕೈಯಲ್ಲಿ ಫೋನು ಎತ್ತಿ ವಿಡಿಯೋ ಮಾಡುತ್ತಲೇ ಇದ್ದ. ಇಂಥವರಿಗೆ ಹಿಂಗ ಬುದ್ಧಿ ಕಲಿಸಬೇಕು ಅನ್ನುತ್ತ ಹಿಂದಿನ ಗಾಲಿಗಳ ಮೇಲೆ ಪೆಟ್ರೋಲು ಸುರಿದ. ವಾಸನೆ ನನ್ನ ಮೂಗಿಗೆ ಬಂತು.

ಆ ವಾಸನೆ ಬಂದಾಗ ನನಗೆ ನೆನಪಾದದ್ದು ಯಾವ ದೊಡ್ಡ ಸಂಗತಿಯೂ ಅಲ್ಲ. ಇಳಿದುಬಿಟ್ಟರೆ ಆಯಿತು ಅಂತ ಕಾಲು ಹೇಳಿತು, ಅಷ್ಟೇ. ಎಡಗಾಲು ಮೆಟ್ಟಿಲಿನಿಂದ ಅರ್ಧ ಇಳಿದೂ ಇತ್ತು. ಒಳಗಿನವನು ನನ್ನ ಕಾಲನ್ನೇ ನೋಡುತ್ತಿದ್ದ. ಯಾಕೆ ತಿರುಗಿ ಮೇಲೆ ಇಟ್ಟೆ ಅಂತ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಧೈರ್ಯ ಅಲ್ಲ, ಅದು ಖರೆ. ಇಳಿದು ಓಡಿದರೆ ಕೊಣ್ಣೂರಿನವರು ಆ ಫೋನಿನ ವಿಡಿಯೋದಲ್ಲಿ ನೋಡುತ್ತಾರಲ್ಲ ಅನ್ನುವ ಸೊಕ್ಕೂ ಇರಬಹುದು.

ಜಮಾದಾರರ ಜೀಪು ಬಂದದ್ದು ಯಾರಿಗೂ ಕೇಳಿಸಲಿಲ್ಲ. ದೂರದಲ್ಲೇ ನಿಲ್ಲಿಸಿ ನಡೆದು ಬಂದರು, ಒಬ್ಬರೇ, ಟೊಪ್ಪಿಗೆ ಕಂಕುಳಲ್ಲಿ. ಗಸ್ತಿನವರಿಗೆ ಹಿಂದೆ ಹೋಗಿ ಎರಡೂ ಬದಿ ಗಾಡಿ ತಡೆಯಿರಿ, ಕುರಿಗಳನ್ನು ಈಚೆ ತರಲು ಆ ಹೆಂಗಸರಿಗೆ ಕೈಜೋಡಿಸಿರಿ ಅಂದರು. ಹೆಚ್ಚಿನ ಪೊಲೀಸರ ವ್ಯಾನು ಹೊರಟಿದೆ ಅಂತ ಫೋನು ಬಂದಾಗ, ಕಣ್ಣಿಗೆ ಕಾಣದಷ್ಟು ಹಿಂದೆ ನಿಂತಿರಲಿ, ನಾನು ಕರೆದಾಗ ಬರಲಿ ಅಂದರು. ಪೆಟ್ರೋಲಿನವನ ಪಕ್ಕದಲ್ಲೇ ಹಾದುಹೋದರು, ಅವನ ಕಡೆ ತಿರುಗಲೂ ಇಲ್ಲ. ಕೊಡಲಿಯವನ ಎದುರೂ ನಿಲ್ಲಲಿಲ್ಲ. ನೆಟ್ಟಗೆ ಅಜ್ಜನ ಹತ್ತಿರ ಹೋದರು.

ಅಜ್ಜ ಮುಖ ಎತ್ತಲಿಲ್ಲ. ಜಮಾದಾರರು ಏನೂ ಕೇಳಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. "ಯಜಮಾನ್ರ, ಮೊಣಕಾಲು ಹಿಡಿದಾವ್ರಿ. ನಿಮ್ಮ ಬಾಜೂ ಒಂದೀಟು ಕುಂದರತೀನಿ," ಅಂದು, ರಕ್ತ ಹರಿದ ಡಾಂಬರಿನ ಮೇಲೆ ಕೈ ಊರಿ ಬಗ್ಗಿದರು.

"ತಡೀರಿ," ಅಂದ ಅಜ್ಜ. ಅಲ್ಲಿಯತನಕ ಅವನ ಬಾಯಿಂದ ಬಂದ ಮೊದಲ ಮಾತು ಅದು. ಹೆಗಲಿನಿಂದ ಕಂಬಳಿ ತೆಗೆದು, ಒಮ್ಮೆ ಝಾಡಿಸಿ, ಸತ್ತ ಕುರಿಯಿಂದ ಸ್ವಲ್ಪ ಈಚೆಗೆ ಹಾಸಿದ.

ಮೂಡಲಗಿ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಕುಂದರತೀನಿ ಅಂದವನಿಗೆ ಕುರಿಗಾರ ಬರೀ ನೆಲ ತೋರಿಸುವುದಿಲ್ಲ. ವೈರಿಯಾದರೂ ಸರಿ, ಕಂಬಳಿ ಹಾಸುತ್ತಾನೆ. ಹಿರಿಯ ತನ್ನ ಕಂಬಳಿ ಹಾಸಿ ಕುಂತ ಅಂದರೆ ಅದು ಸಭೆ. ಅಲ್ಲಿಗೆ ಚಪ್ಪಲಿ ಕಾಲಲ್ಲಿ ಬರುವಂತಿಲ್ಲ, ಕೈಯಲ್ಲಿ ಆಯುಧ ಇರುವಂತಿಲ್ಲ, ನಿಂತು ಮಾತಾಡುವಂತಿಲ್ಲ. ಜಮಾದಾರರು ಬೂಟು ಬಿಚ್ಚಿದರು. ಬಗ್ಗಿ ಲೇಸು ಬಿಡಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು, ಎಲ್ಲರೂ ನೋಡುತ್ತ ನಿಂತರು. ಬಳಗದ ಇಬ್ಬರು ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ, ಚಪ್ಪಲಿ ಬಿಟ್ಟು ಬಂದು ಕುಂತರು. ಮೂರನೆಯವನು ಬಂದ.

ಸಣ್ಣ ಮಗ ಮಾತ್ರ ಬರಲಿಲ್ಲ. ಲಾರಿ ಬಿಟ್ಟು ಅಲುಗುವುದಿಲ್ಲ ಅಂತ ಕೊಡಲಿಯ ಕಾವನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಅಪ್ಪ ಹೆಸರು ಹಿಡಿದು ಕರೆದ, ತಿರುಗಲಿಲ್ಲ. ಅವನು ಅಲ್ಲಿ ನಿಂತಿರುವತನಕ ಉಳಿದ ಹರೆಯದವರೂ ಅಲ್ಲೇ. ಪೆಟ್ರೋಲಿನವನು ಅವನ ಕಿವಿಯ ಹತ್ತಿರ ಮಾತಾಡುತ್ತಲೇ ಇದ್ದ. ಮುದುಕರು ಮಾತಾಡಲಿ, ನೀನು ಗಂಡಸಾದರೆ ಮಾಡಿ ತೋರಿಸು ಅನ್ನುವಂಥ ಮಾತು. ನನಗೂ ಸಣ್ಣ ಮಗನಿಗೂ ನಡುವೆ ಒಂದು ಮಾರು ಅಂತರ ಇದ್ದಿರಬಹುದು.

ನಾನು ಬಾಯಿ ತೆರೆದೆ. "ತಮ್ಮಾ, ಅಪ್ಪ ಕರಿಯಾಕತ್ತಾರ."

"ನಾ ಆ ಕಡೆ ಹೊಳ್ಳಿದರ ಇಂವ ಗಾಡಿ ಹೊಡಕೊಂಡು ಹೋಗ್ತಾನ. ಆಗಲೇ ಚಾಲೂ ಮಾಡಿದ್ದ. ನೀನೂ ನೋಡೀದಿ."

ಅದು ಸುಳ್ಳಲ್ಲ. ಗಸ್ತಿನವನು ಆಡಿದಂಥ ಮಾತು ಇನ್ನೊಂದು ಆಡಿದರೆ ಆ ಕೊಡಲಿ ನನ್ನ ಮೇಲೇ ಬರುತ್ತಿತ್ತು. "ಹೌದು, ನೋಡೀನಿ," ಅಂದೆ. "ಚಾವಿ ಇಲ್ಲಂದ್ರ ಹೆಂಗ ಹೋಗ್ತಾನ?"

ಅಂದುಬಿಟ್ಟ ಮೇಲೆ ನನಗೆ ಹೊಳೆದದ್ದು, ಚಾವಿ ಕೊಡು ಅಂತ ಈಗ ಒಳಗಿನವನಿಗೆ ಹೇಳಬೇಕು. ಅವನ ಹತ್ತಿರ ಉಳಿದದ್ದು ಅದೊಂದೇ. ಗಾಜಿನ ಸಂದಿಗೆ ಬಾಯಿ ಹಚ್ಚಿ ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ತಲೆ ಅಲ್ಲಾಡಿಸಿದ. ನಾನು ಇಲ್ಲಿಂದ ಇಳಿಯುವುದಿಲ್ಲ, ನೀನು ಕೆಳಗೆ ಕಾಲಿಡುವತನಕ ಈ ಮೆಟ್ಟಿಲ ಮೇಲೇ ಇರುತ್ತೇನೆ, ಬೆಂಕಿ ಹತ್ತಿದರೆ ಇಬ್ಬರಿಗೂ ಹತ್ತುತ್ತದೆ ಅಂದೆ. ಅವನು ನನ್ನ ಮುಖ ನೋಡಿದ, ಮತ್ತೆ ಕಾಲು ನೋಡಿದ. ಆಮೇಲೆ ಚಾವಿ ಕಿತ್ತು ನನ್ನ ಅಂಗೈಯಲ್ಲಿ ಹಾಕಿದ. ಕೆಂಪು ದಾರ, ಸಣ್ಣ ಗೆಜ್ಜೆ ಕಟ್ಟಿದ ಚಾವಿ, ಬೆವರಿಗೆ ಒದ್ದೆ.

ಈಗ ಅದನ್ನು ಅಜ್ಜನ ಮುಂದೆ ಇಡಬೇಕು. ಇಳಿಯುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಜಮಾದಾರರು ದೂರದಿಂದ ನನ್ನನ್ನೇ ನೋಡುತ್ತಿದ್ದರು, ಏನೂ ಸನ್ನೆ ಮಾಡಲಿಲ್ಲ. ಅವರು ಒಂದು ಮಾತು ಹೇಳಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ನಾನು ಚಾವಿಯನ್ನು ಸಣ್ಣ ಮಗನ ಕಡೆ ಚಾಚಿದೆ. "ತಗೋ. ನೀನ ಒಯ್ದು ನಿಮ್ಮಪ್ಪನ ಮುಂದ ಕಂಬಳಿ ಮ್ಯಾಲ ಇಡು."

ಕೊಟ್ಟ ಮೇಲೆ ನೆನಪಾಯಿತು, ಎಂಜಿನ್ ಚಾಲೂ ಮಾಡುವ ಚಾವಿಯೇ ಬಾಗಿಲು ತೆಗೆಯುವ ಚಾವಿ. ನನ್ನ ಬೆನ್ನ ಹಿಂದೆ ಇರುವ ಬಾಗಿಲು. ಕರಿ ಜಾಕೀಟಿನವನಿಗೂ ಅದು ಹೊಳೆಯಿತು. ಬಾಗಲಾ ತೆಗಿ, ಎಳೀರಿ ಹೊರಗ ಅಂದ. ಸಣ್ಣ ಮಗ ಚಾವಿ ನೋಡಿದ, ಬಾಗಿಲಿನ ಹಿಡಿಕೆ ನೋಡಿದ, ನನ್ನ ನೋಡಿದ. ಹಿಡಿಕೆ ನನ್ನ ಸೊಂಟದ ಹತ್ತಿರ ಇತ್ತು. ನಾನು ಅದಕ್ಕೆ ಬೆನ್ನು ಒತ್ತಿ ಹಿಡಿಯಲಿಲ್ಲ. ಒತ್ತಿದರೆ ಅವನಿಗೆ ಅದೇ ದಾರಿ ತೋರಿಸಿದಂತೆ. ಕೈಗಳನ್ನು ಎಲ್ಲರಿಗೂ ಕಾಣುವಂತೆ ಮುಂದೆ ಇಟ್ಟುಕೊಂಡೆ. ಅವು ನಡುಗುತ್ತಿದ್ದವು, ಅದೂ ಎಲ್ಲರಿಗೂ ಕಂಡಿರಬೇಕು.

"ಹೆದರೀದೇನು?" ಅಂತ ಕೇಳಿದ.

"ಹೌದಪಾ."

ಅವನು ಹೊಳ್ಳಿ ನಡೆದ. ಕಂಬಳಿಯ ಅಂಚಿಗೆ ಬಂದಾಗ ಒಂದು ಕೈಯಲ್ಲಿ ಚಾವಿ, ಒಂದು ಕೈಯಲ್ಲಿ ಕೊಡಲಿ. ಅಲ್ಲಿ ನಿಂತ. ಅಜ್ಜ ಅವನ ಕಾಲು ನೋಡಿದ. ಹುಡುಗ ಚಪ್ಪಲಿ ಬಿಟ್ಟ. ಕೊಡಲಿಯನ್ನು ಚಪ್ಪಲಿಯ ಪಕ್ಕ ಇಟ್ಟ. ಒಳಗೆ ಬಂದು ಚಾವಿಯನ್ನು ಅಪ್ಪನ ಮುಂದಿಟ್ಟು ಕುಂತವನು ಕುಂತಲ್ಲೇ ಮೊಣಕಾಲಿನೊಳಗೆ ತಲೆ ಹಾಕಿ ಅಳಲು ಶುರು ಮಾಡಿದ. ಉಳಿದ ಹರೆಯದವರು ಒಬ್ಬೊಬ್ಬರೇ ಅತ್ತ ಹೋದರು. ನಿಂತವರು ಸಿಟ್ಟಿನಿಂದ ಇರಬಲ್ಲರು, ಕುಂತವರಿಗೆ ದುಃಖ ಬರುತ್ತದೆ. ಆ ಹೊತ್ತಿನಲ್ಲಿ ನಾನು ಕಣ್ಣಾರೆ ಕಂಡದ್ದು ಇದು.

ಕರಿ ಜಾಕೀಟಿನವನು ಖಾಲಿ ಕ್ಯಾನು ಹಿಡಿದು ಒಬ್ಬನೇ ಉಳಿದ. ಕೈಗೆ ಬಳಿ ತೊಟ್ಟುಕೊಳ್ಳಿರಿ ಎಲ್ಲಾರೂ ಅಂತ ಅಲ್ಲಿಂದಲೇ ಕೂಗಿದ. ಸಣ್ಣ ಮಗ ತಲೆ ಎತ್ತಿ, ಮೂಗು ಒರೆಸಿಕೊಂಡು, ನಿಧಾನಕ್ಕೆ ಕೇಳಿದ: "ಅಣ್ಣಾ, ಇಲ್ಲಿ ನಿಂದೇನ ಸತ್ತೈತಿ?" ಜಾಕೀಟಿನವನು ಫೋನು ಜೇಬಿಗಿಟ್ಟ. ಸ್ವಲ್ಪ ಹೊತ್ತಿಗೆ ಅವನ ಬೈಕು ಅಲ್ಲಿರಲಿಲ್ಲ.

ಕಂಬಳಿಯ ಮೇಲೆ ಏನು ಮಾತಾಯಿತು ಅಂತ ನನಗೆ ಪೂರ್ತಿ ಕೇಳಿಸಲಿಲ್ಲ, ಆಮೇಲೆ ಜಮಾದಾರರು ಹೇಳಿದ್ದು. ಮಗ ಉಳಿಯುತ್ತಾನೋ ಇಲ್ಲವೋ ಅಂತ ಅಜ್ಜ ಕೇಳಿದ. ನನಗೆ ಗೊತ್ತಿಲ್ಲ ಅಂದರು. ಗೊತ್ತಾದ ಕೂಡಲೇ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಇಲ್ಲಿಗೇ ಮನುಷ್ಯನನ್ನು ಕಳಿಸಿ ಹೇಳಿಸುತ್ತೇನೆ, ಫೋನಿನಲ್ಲಿ ಯಾರೋ ಹೇಳಿದ್ದು ಕೇಳಿ ತಿಳಿಯಬೇಕಾಗಿಲ್ಲ ಅಂದರು. ಡ್ರೈವರ್ ಮೇಲೆ ಕೇಸು ಆಗುತ್ತದೆ, ಕೋರ್ಟು ಏನು ಮಾಡುತ್ತದೆ ಅದು ನನ್ನ ಕೈಯಲ್ಲಿಲ್ಲ, ಲಾರಿಗೆ ಬೆಂಕಿ ಬಿದ್ದಿದ್ದರೆ ಇವತ್ತು ಸಣ್ಣವನನ್ನೂ ಜೈಲಿಗೆ ಒಯ್ಯಬೇಕಾಗುತ್ತಿತ್ತು ಅಂತಲೂ ಅಂದರು. ಸಿಹಿ ಮಾತು ಒಂದೂ ಇರಲಿಲ್ಲ. ಅಜ್ಜ ಚಾವಿ ಎತ್ತಿ ಜಮಾದಾರರ ಕೈಗೆ ಕೊಟ್ಟ.

ಡ್ರೈವರನ್ನು ಇಳಿಸುವುದು ಉಳಿಯಿತು. ಜೀಪಿನತನಕ ನಡೆಯಬೇಕು, ದಾರಿಯ ಎರಡೂ ಕಡೆ ಜನ. ಅಜ್ಜ ತಾನೇ ಎದ್ದು ಬಂದು ಬಾಗಿಲ ಮುಂದೆ ನಿಂತ. ಡ್ರೈವರ್ ಇಳಿದಾಗ ಅವನ ಪ್ಯಾಂಟು ಒದ್ದೆಯಾಗಿತ್ತು. ಒಂದು ಮಗ್ಗುಲು ನಾನು, ಇನ್ನೊಂದು ಮಗ್ಗುಲು ಅಜ್ಜ, ನಡುವೆ ಅವನು. ಓಡಬೇಡ, ನೆಲ ನೋಡಿಕೊಂಡು ನಡಿ ಅಂದೆ. ಸತ್ತ ಕುರಿಗಳ ನಡುವೆ ದಾಟುವಾಗ ಅವನು ನಿಂತುಬಿಟ್ಟ, ದಾಟಲು ಕಾಲು ಎತ್ತಲಿಲ್ಲ. ಅಜ್ಜ ಅವನ ರಟ್ಟೆ ಹಿಡಿದು ದಾಟಿಸಿದ. ಹಿಂದಿನಿಂದ ಒಂದು ಕಲ್ಲು ಬಂದು ನನ್ನ ಹೆಗಲಿಗೆ ಬಡಿಯಿತು. ತಿರುಗಲಿಲ್ಲ. ತಿರುಗಿದ್ದರೆ ಎರಡನೆಯದು ಬರುತ್ತಿತ್ತು. ಜೀಪಿನ ಬಾಗಿಲು ಮುಚ್ಚಿತು, ಜೀಪು ಹೋಯಿತು.

ಜಮಾದಾರರು ಹೋಗುವ ಮುಂಚೆ ಸುದ್ದಿ ನಿನ್ನ ಫೋನಿಗೆ ಬರುತ್ತದೆ, ನೀನೇ ಹೇಳಬೇಕು ಅಂದರು. ಇಷ್ಟೆಲ್ಲ ಆದ ಮೇಲೂ ನನಗೆ ನಿಜವಾದ ಅಂಜಿಕೆ ಶುರುವಾದದ್ದು ಆಗ. ಲಾರಿ ಅಲ್ಲೇ ಇತ್ತು, ಪೆಟ್ರೋಲಿನ ವಾಸನೆ ಆರಿರಲಿಲ್ಲ. ಡ್ರೈವರ್ ಇಲ್ಲ, ಖಾಕಿ ಅಂತ ಕೈಗೆ ಸಿಗುವವರು ನಾನು ಮತ್ತು ದೂರದಲ್ಲಿ ಗಾಡಿ ತಡೆಯುತ್ತಿದ್ದ ಗಸ್ತಿನ ಇಬ್ಬರು. ಮಂದೆ ತಿರುಗಿ ಇಳಿಜಾರಿಗೆ ಬಂದಿತ್ತು. ತಾಯಿ ಸತ್ತ ಮರಿಗಳನ್ನು ಹೆಂಗಸರು ಬೇರೆ ಕುರಿಗಳ ಕೆಚ್ಚಲಿಗೆ ಹಿಡಿದು ನೋಡುತ್ತಿದ್ದರು, ಕುರಿಗಳು ಒದೆಯುತ್ತಿದ್ದವು. ಮಂಜು ಹರಿದು ಬಿಸಿಲು ಬಿತ್ತು.

ಫೋನು ಬಂತು. ಜಮಾದಾರರೇ. ಜೀವಕ್ಕೆ ಈಗ ಅಪಾಯ ಕಡಿಮೆ, ಆದರೆ ಕಾಲು ಉಳಿಯುವುದಿಲ್ಲ, ಮೊಣಕಾಲಿನ ಕೆಳಗೆ ತೆಗೆಯಬೇಕು, ತಡವಾದರೆ ಮೇಲಕ್ಕೂ ಹೋಗುತ್ತದೆ, ಅಪ್ಪನ ಒಪ್ಪಿಗೆ ಬೇಕು, ಗೋಕಾಕಕ್ಕೆ ಕರಕೊಂಡು ಹೋಗು. ಇಷ್ಟು ಹೇಳಿ ಇಟ್ಟರು.

ವರ್ಷಕ್ಕೆ ಎಂಟು ತಿಂಗಳು ನಡೆದೇ ಬದುಕುವ ಮನುಷ್ಯನ ಕಾಲು. ಜೀವ ಉಳಿದೈತಿ ಅಂತಷ್ಟೇ ಹೇಳಿ ಕರಕೊಂಡು ಹೋಗಿಬಿಡಲೇ, ಉಳಿದದ್ದು ಡಾಕ್ಟರು ಹೇಳಲಿ ಅಂತ ಒಂದು ಗಳಿಗೆ ಮನಸ್ಸು ಹೇಳಿತು. ಕೊಡಲಿ ಇನ್ನೂ ಚಪ್ಪಲಿಯ ಪಕ್ಕದಲ್ಲೇ ಇತ್ತು. ನಾನು ಬೂಟು ಬಿಚ್ಚಿದೆ. ಕಂಬಳಿಯ ಮೇಲೆ ಅಜ್ಜನ ಎದುರು ಕುಂತು, ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ.

ಸಣ್ಣ ಮಗ ಕೇಳಿದ: "ಯಾವ ಕಾಲು?"

ನಾನು ಕೇಳಿರಲಿಲ್ಲ. "ಗೊತ್ತಿಲ್ಲ ತಮ್ಮಾ," ಅಂದೆ.

ಅವನು ಎದ್ದ. ಅವನು ಚಪ್ಪಲಿ ಮೆಟ್ಟಿ, ಕೊಡಲಿ ಎತ್ತಿಕೊಂಡು, ಲಾರಿಯ ಕಡೆ ಅಲ್ಲ, ಇಳಿಜಾರಿನ ಕಡೆ ಹೋದ. ಜಾಲಿಯ ಟೊಂಗೆಗಳನ್ನು ಕಡಿದು ಮಂದೆಯ ಮುಂದೆ ಹಾಕತೊಡಗಿದ. ಬೇಕಾದದ್ದಕ್ಕಿಂತ ಹೆಚ್ಚು ಕಡಿದ. ಅಜ್ಜ ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡು, ನಡಿ ಅಂದ.

ಬೈಕಿನ ಹಿಂದೆ ಕುಂತು ಹಿಡಕಲ್ ದಾರಿಯಲ್ಲಿ ಗೋಕಾಕ ಮುಟ್ಟುವತನಕ ಅಜ್ಜ ಕಲ್ಲು ಬಿದ್ದ ನನ್ನ ಹೆಗಲನ್ನೇ ಗಟ್ಟಿಯಾಗಿ ಹಿಡಿದಿದ್ದ, ನೋಯುತ್ತಿತ್ತು, ಸರಿಸು ಅನ್ನಲು ಬಾಯಿ ಬರಲಿಲ್ಲ. ಎಡಗಾಲು ಅಂತ ಆಸ್ಪತ್ರೆಯಲ್ಲಿ ತಿಳಿಯಿತು. ಡಾಕ್ಟರು ಎಲ್ಲಾ ಬಿಡಿಸಿ ಹೇಳಿದರು. ಅಜ್ಜ ಹೆಬ್ಬೆಟ್ಟು ಒತ್ತಿದ. ಇನ್ನು ಬಹಳ ದಿನ ಎತ್ತಿ ಇಳಿಸುವವರು ಬೇಕಾಗುತ್ತಾರೆ, ಮನೆಯಲ್ಲಿ ಬೇರೆ ಗಂಡುಮಕ್ಕಳು ಇದ್ದಾರೇನು ಅಂತ ನರ್ಸಮ್ಮ ಕೇಳಿದರು.

"ಇನ್ನೊಬ್ಬ ಮಗಾ ಅದಾನ್ರೀ," ಅಂದ ಅಜ್ಜ.

ಎಲ್ಲಿದ್ದಾನೆ ಅಂತ ಕೇಳಿದರು. ಅಜ್ಜ ನನ್ನ ಕಡೆ ತಿರುಗಿದ. ಅವತ್ತು ಅವನು ನನ್ನ ಮುಖವನ್ನು ನೆಟ್ಟಗೆ ನೋಡಿದ್ದು ಅದೊಂದೇ ಸಲ. ಮಾತು ಮಾತ್ರ ಅವರಿಗೇ ಹೇಳಿದ.

"ಕುರಿ ಕಾಯಾಕತ್ತಾನ್ರಿ."